ಗೋಡೆಯೊಳಗೆ ಮುಚ್ಚಿಹೋಗುವ ಕೆಲಸ ಯಾರ ಕೈಗೆ? ದಾವಣಗೆರೆಯಲ್ಲಿ ಎಲೆಕ್ಟ್ರಿಷಿಯನ್ ಹುಡುಕುವವರಿಗೊಂದು ಹೋಲಿಕೆ

ದಾವಣಗೆರೆಯಲ್ಲಿ ಮನೆಯ ವಿದ್ಯುತ್ ಕೆಲಸಕ್ಕೆ ಜನ ಹುಡುಕುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಓಣಿಯವರಿಗೆಲ್ಲ ಪರಿಚಯವಿರುವ, ಬೈಕಿಗೆ ಸಾಮಾನಿನ ಚೀಲ ತೂಗುಹಾಕಿಕೊಂಡು ಬರುವ ಎಲೆಕ್ಟ್ರಿಷಿಯನ್ ಒಬ್ಬ. ಎಲೆಕ್ಟ್ರಿಕಲ್ ಅಂಗಡಿಯವರು ಫೋನ್ ಮಾಡಿ ಕಳಿಸಿಕೊಡುವ ಹುಡುಗ ಇನ್ನೊಬ್ಬ. ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ ಮೂರನೆಯವನು. ಗೀಸರ್, ಎ.ಸಿ., ಇನ್ವರ್ಟರ್ ಮಾರಿದ ಕಂಪನಿಯ ಸರ್ವಿಸ್‌ನವರು ನಾಲ್ಕನೆಯವರು. ಇವರಲ್ಲಿ ಯಾರನ್ನು ಕರೆಯಬೇಕೆಂದು ನೆರೆಹೊರೆಯವರನ್ನು ಕೇಳಿದರೆ ಉತ್ತರ ಹೆಚ್ಚಾಗಿ ಕೂಲಿಯ ಲೆಕ್ಕದಲ್ಲಿಯೇ ಬರುತ್ತದೆ: ಅವರು ಜಾಸ್ತಿ ತಗೋತಾರೆ, ಇವರು ಕಡಿಮೆಗೆ ಮಾಡ್ತಾರೆ.

ಕೂಲಿ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಯ ಹಳೆಯ ವೈರಿಂಗನ್ನು ಹಂತ ಹಂತವಾಗಿ ಬದಲಾಯಿಸಿಕೊಂಡ ಅನುಭವದಿಂದ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆಯಾಗಿದೆ. ಕೆಲಸ ಮುಗಿದ ಮೇಲೆ ಅದು ನನ್ನ ಕಣ್ಣಿಗೆ ಕಾಣುತ್ತದೆಯೇ, ಇಲ್ಲವೇ? ಫ್ಯಾನ್ ತಿರುಗುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ಕಾಣುತ್ತದೆ. ಸರಿಯಿಲ್ಲದಿದ್ದರೆ ಮರುದಿನ ಕರೆದು ಕೇಳಬಹುದು. ಗಿಲಾವಿನ ಒಳಗೆ ಎಳೆದ ವೈರಿನ ಜೋಡಣೆ, ಸೋರಿದ ಕರೆಂಟನ್ನು ಭೂಮಿಗಿಳಿಸಲು ನೆಲದೊಳಗೆ ಹೂತ ಅರ್ಥಿಂಗ್ ಪೈಪು, ಕೋಣೆಗಳಿಗೆ ಕರೆಂಟ್ ಹಂಚುವ ಡಿಬಿ ಪೆಟ್ಟಿಗೆಯ ಹಿಂದೆ ಸೇರಿಹೋದ ನ್ಯೂಟ್ರಲ್‌ಗಳು (ಕರೆಂಟ್ ಮರಳಿ ಹೋಗುವ ವೈರುಗಳು) ಹಾಗಲ್ಲ. ಅವು ಕೆಟ್ಟಿವೆ ಎಂಬುದು ತಿಳಿಯುವ ಹೊತ್ತಿಗೆ ಯಾರಿಗೋ ಕರೆಂಟ್ ಹೊಡೆದಿರುತ್ತದೆ, ಇಲ್ಲವೇ ಪ್ಲಗ್ ಕರಗಿ ವಾಸನೆ ಬಂದಿರುತ್ತದೆ. ಕಾಣುವ ಕೆಲಸ, ಕಾಣದ ಕೆಲಸ ಎಂಬ ಈ ಭೇದವನ್ನು ಮುಂದಿಟ್ಟುಕೊಂಡು ನೋಡಿದರೆ ಆಯ್ಕೆ ಬಹಳಷ್ಟು ಸುಲಭವಾಗುತ್ತದೆ.

ಕಾನೂನು ಕೂಡ ಹೆಚ್ಚುಕಡಿಮೆ ಇಲ್ಲಿಯೇ ಗೆರೆ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ, ಅವುಗಳ ಜಾಗಕ್ಕೆ 2010ರಲ್ಲಿ ಬಂದು 2023ರಲ್ಲಿ ಹೊಸದಾದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿಯೂ, ದೀಪ, ಫ್ಯಾನ್, ಫ್ಯೂಸ್, ಸ್ವಿಚ್‌ನಂಥವನ್ನು ಮನೆಯ ವೈರಿಂಗಿನ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಬದಲಿಸುವ ಕೆಲಸಕ್ಕೆ ವಿನಾಯಿತಿಯಿದೆ. ಅದನ್ನು ಮೀರಿದ ಸೇರ್ಪಡೆ, ಮಾರ್ಪಾಡು, ದುರಸ್ತಿಗಳನ್ನು ಪರವಾನಗಿ ಪಡೆದ ಗುತ್ತಿಗೆದಾರನೇ, ಅರ್ಹತಾ ಪ್ರಮಾಣಪತ್ರವಿರುವ ಮೇಲ್ವಿಚಾರಕನ ಕಣ್ಣೆದುರು, ಪರ್ಮಿಟ್ ಇರುವ ಕೆಲಸಗಾರನಿಂದ ಮಾಡಿಸಬೇಕು ಎಂಬುದು ನಿಯಮ. ಟ್ಯೂಬ್‌ಲೈಟ್ ಬದಲಿಸುವುದಕ್ಕೂ ಹೊಸದಾಗಿ ಎ.ಸಿ. ಪಾಯಿಂಟ್ ಎಳೆಯುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಬಹಳ ಮನೆಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ.

ಓಣಿಯ ಪರಿಚಯದವನು

ಇವನ ದೊಡ್ಡ ಗುಣ, ಕರೆದರೆ ಬರುತ್ತಾನೆ. ನಿಟುವಳ್ಳಿಯಲ್ಲಾಗಲಿ ಹಳೇ ದಾವಣಗೆರೆಯ ಓಣಿಗಳಲ್ಲಾಗಲಿ, ರಾತ್ರಿ ಎಂಟಕ್ಕೆ ಅರ್ಧ ಮನೆಗೆ ಕರೆಂಟ್ ಹೋದರೆ ಪರವಾನಗಿಯ ಗುತ್ತಿಗೆದಾರ ಬರುವುದು ಕಷ್ಟ. ಇವನು ಊಟ ಮುಗಿಸಿಯಾದರೂ ಬಂದು ನೋಡಿ ಹೋಗುತ್ತಾನೆ. ಎಷ್ಟೋ ವರ್ಷಗಳಿಂದ ಅದೇ ಮನೆಗಳಿಗೆ ಹೋಗಿ ಬಂದಿರುವುದರಿಂದ ಯಾವ ಗೋಡೆಯಲ್ಲಿ ಪೈಪ್ ಹೋಗಿದೆ, ಯಾವ ಬೋರ್ಡಿಗೆ ಎಲ್ಲಿಂದ ಕರೆಂಟ್ ಬಂದಿದೆ ಎಂಬುದು ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ. ಈ ತಿಳಿವಳಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ವಿಚ್ ಬದಲಿಸುವುದು, ಫ್ಯಾನಿನ ಕಂಡೆನ್ಸರ್ ಹಾಕುವುದು, ರೆಗ್ಯುಲೇಟರ್, ಹೋಲ್ಡರ್, ಕಾಲಿಂಗ್ ಬೆಲ್ ಮುಂತಾದ ಕೆಲಸಗಳಿಗೆ ಇವನಿಗಿಂತ ಒಳ್ಳೆಯ ಆಯ್ಕೆ ಇಲ್ಲ. ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದವನಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ಐಟಿಐ ಪ್ರಮಾಣಪತ್ರವೇ ಕೆಲಸದ ಪರ್ಮಿಟ್ ಅಲ್ಲ. ಒಂದು ಓದಿದ್ದಕ್ಕೆ ಸಾಕ್ಷಿ, ಇನ್ನೊಂದು ಕೆಲಸ ಮಾಡಲು ಅನುಮತಿ.

ಅವನ ಮಿತಿ ಎಲ್ಲಿದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ ಬಚ್ಚಲುಮನೆಯ ಸ್ಟೀಲ್ ನಲ್ಲಿ ಮುಟ್ಟಿದ ನನ್ನ ಹೆಂಡತಿಗೆ ಕೈ ಜುಮ್ಮೆಂದಿತು. ಪರಿಚಯದ ಎಲೆಕ್ಟ್ರಿಷಿಯನ್ ಬಂದವನೇ ನಲ್ಲಿಗೆ ಟೆಸ್ಟರ್ ಹಚ್ಚಿದ. ದೀಪ ಮಂಕಾಗಿ ಹತ್ತಿತು. ಗೀಸರಿನ ಮುಚ್ಚಳ ತೆಗೆದು ನೋಡಿ, ಅರ್ಥಿನ ಹಸಿರು ವೈರನ್ನು ಬಿಚ್ಚಿ, ತುದಿಗೆ ಟೇಪ್ ಸುತ್ತಿ ಒಳಕ್ಕೆ ತಳ್ಳಿದ. ಮತ್ತೆ ಟೆಸ್ಟರ್ ಹಚ್ಚಿದಾಗ ದೀಪ ಹತ್ತಲಿಲ್ಲ. "ಈ ವೈರಿಂದಾನೇ ಬರ್ತಿತ್ತು ಸಾರ್, ಈಗ ಏನೂ ತೊಂದ್ರೆ ಇಲ್ಲ" ಎಂದ. ಹತ್ತು ನಿಮಿಷದ ಕೆಲಸ. ನಮಗೂ ಸಮಾಧಾನವಾಯಿತು, ಏಕೆಂದರೆ ಜುಮ್ಮೆನ್ನುವುದು ನಿಜವಾಗಿಯೂ ನಿಂತಿತ್ತು.

ಎರಡು ತಿಂಗಳ ನಂತರ ಬೇರೊಂದು ಕೆಲಸಕ್ಕೆಂದು ಕರೆಸಿದ ಹಿರಿಯ ಗುತ್ತಿಗೆದಾರರಿಗೆ ಈ ಮಾತು ಹೇಳಿದಾಗ ಅವರು ಬಚ್ಚಲುಮನೆಯ ಕಡೆ ಹೋಗಲೇ ಇಲ್ಲ. ಮೊದಲು ಮೀಟರ್ ಬೋರ್ಡ್ ನೋಡಿದರು, ಆಮೇಲೆ ಡಿಬಿ ತೆರೆದರು. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪ್ಲಗ್ಗಿನ ಫೇಸ್ (ಕರೆಂಟ್ ಬರುವ ವೈರು) ಮತ್ತು ನ್ಯೂಟ್ರಲ್‌ಗೆ ಇಟ್ಟಾಗ 230ರ ಹತ್ತಿರ ತೋರಿಸಿತು. ನ್ಯೂಟ್ರಲ್‌ನ ಕಡ್ಡಿಯನ್ನು ಅರ್ಥಿಗೆ ಇಟ್ಟಾಗ ಅಷ್ಟೇ ಬರುವ ಬದಲು ಅಂಕಿ ನೂರರ ಆಸುಪಾಸಿನಲ್ಲಿ ನಿಲ್ಲದೆ ಓಲಾಡುತ್ತಿತ್ತು. "ಅರ್ಥ್ ವೈರೇನೋ ಐತೆ ಸಾರ್, ಅದು ಎಲ್ಲಿಗೂ ಹೋಗಿ ಸೇರಿಲ್ಲ" ಎಂದರು. ಅಂಗಳಕ್ಕೆ ಟೈಲ್ಸ್ ಹಾಕಿಸಿದಾಗ ಅರ್ಥಿಂಗ್ ಗುಂಡಿಯ ಬಾಯಿ ಮುಚ್ಚಿಹೋಗಿತ್ತು. ಒಂದು ಟೈಲ್ ಒಡೆದು ಮಣ್ಣು ಕೆದರಿ ಪೈಪಿನ ತಲೆಗೆ ಬಿಗಿದಿದ್ದ ತಂತಿಯನ್ನು ಎರಡು ಬೆರಳಲ್ಲಿ ಎತ್ತಿದರು. ತುಕ್ಕು ತಿಂದಿದ್ದ ಅದು ಒಣಗಿದ ಕಡ್ಡಿಯಂತೆ ಮುರಿದು ಅವರ ಕೈಗೇ ಬಂತು.

ಗೀಸರಿನಲ್ಲಿ ದೋಷವೇ ಇರಲಿಲ್ಲ. ಸೋರುತ್ತಿದ್ದುದು ಬಟ್ಟೆ ಒಗೆಯುವ ಯಂತ್ರ. ಭೂಮಿಗೆ ಇಳಿಯಲು ದಾರಿಯಿಲ್ಲದ ಆ ಕರೆಂಟು ಮನೆಯ ಹಸಿರು ವೈರುಗಳ ಮೂಲಕವೇ ಸುತ್ತಿ ಗೀಸರಿನ ಮೈಗೂ ಅಲ್ಲಿಂದ ನಲ್ಲಿಗೂ ಬರುತ್ತಿತ್ತು. ಮೊದಲಿನವನು ಹಸಿರು ವೈರ್ ಬಿಚ್ಚಿದ್ದರಿಂದ ನಲ್ಲಿ ಸುಮ್ಮನಾಯಿತು, ಆದರೆ ಗೀಸರಿಗೆ ರಕ್ಷಣೆಯೇ ಇಲ್ಲದಂತಾಯಿತು. ಮುಂದೆಂದಾದರೂ ಅದರ ಎಲಿಮೆಂಟ್ ಸೀಳಿದ್ದರೆ ಪೂರ್ತಿ 230 ವೋಲ್ಟ್ ನೀರಿಗೇ ಬರುತ್ತಿತ್ತು. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಕಣ್ಣಿಗೆ ಕಂಡ ತೊಂದರೆಯನ್ನು ನಿಲ್ಲಿಸುವುದೇ ಕೆಲಸವೆಂದು ಅವನು ತಿಳಿದಿದ್ದ. ಅಂದಿನಿಂದ ಮನೆಗೆ ಬಂದವರು ಮೊದಲು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಗಮನಿಸುತ್ತೇನೆ. ಶಾಕ್ ಎಂದಾಗಲೀ ಟ್ರಿಪ್ ಎಂದಾಗಲೀ ಹೇಳಿದರೆ ನೇರವಾಗಿ ಕೆಟ್ಟ ಜಾಗಕ್ಕೆ ಹೋಗುವವರಿಗಿಂತ ಮೀಟರ್ ಬೋರ್ಡಿನಿಂದ ಶುರುಮಾಡುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಅಂಗಡಿಯವರು ಕಳಿಸುವವರು

ಸಾಮಾನು ಕೊಂಡ ಅಂಗಡಿಯಿಂದಲೇ ಕೆಲಸಗಾರನನ್ನು ಕರೆಸಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ: ಸಾಮಾನು ಕೆಟ್ಟದೋ ಜೋಡಣೆ ಕೆಟ್ಟದೋ ಎಂಬ ವಾದ ಬಂದಾಗ ಕೇಳಲು ಒಂದೇ ಬಾಗಿಲಿರುತ್ತದೆ. ತಪ್ಪಾದ ಅಳತೆಯ ವೈರ್ ಬಂದರೆ ಬದಲಿಸಿಕೊಳ್ಳುವುದೂ ಸುಲಭ. ಆದರೆ ಅಂಗಡಿಯ ಲಾಭವೂ ಕೆಲಸಗಾರನ ಸಲಹೆಯೂ ಒಂದೇ ಕಡೆ ವಾಲಿರುವ ಸಾಧ್ಯತೆ ಇಲ್ಲಿ ಹೆಚ್ಚು. ದುರಸ್ತಿಯಾಗುವ ಬೋರ್ಡನ್ನೂ ಪೂರ್ತಿ ಬದಲಿಸಿ ಎನ್ನುವವರಿದ್ದಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ: ಕೆಲಸಗಾರನಿಂದ ಸಾಮಾನಿನ ಪಟ್ಟಿಯನ್ನು ಅಳತೆ, ಸಂಖ್ಯೆಗಳೊಂದಿಗೆ ಬರೆಸಿಕೊಂಡು ಬೇರೊಂದು ಅಂಗಡಿಯಲ್ಲಿ ತೋರಿಸಿ ದರ ಕೇಳುವುದು. ವೈರಿನ ಸುರುಳಿಯ ಮೇಲೆ ಐಎಸ್‌ಐ ಗುರುತೂ ಐಎಸ್ 694 ಎಂಬ ಸಂಖ್ಯೆಯೂ ಇದೆಯೇ, 90 ಮೀಟರಿನ ಸುರುಳಿಯ ಸೀಲ್ ಒಡೆಯದೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಬಿಲ್ ಇಲ್ಲದೆ ಸಾಮಾನು ತೆಗೆದುಕೊಳ್ಳಬಾರದು. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗಿಲ್ಲ. ಕಳಿಸಿಕೊಟ್ಟ ಹುಡುಗನ ಕೈ ಹೇಗಿದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿರುತ್ತದೆ.

ಪರವಾನಗಿ ಪಡೆದ ಗುತ್ತಿಗೆದಾರ

ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ ಪರವಾನಗಿ ಕೊಡುವುದೂ ಮೇಲ್ವಿಚಾರಕರು ಮತ್ತು ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುವುದೂ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ. ಇದು ನಮಗೆ ಕರೆಂಟ್ ಪೂರೈಸುವ ಬೆಸ್ಕಾಂಗಿಂತ ಬೇರೆಯಾದ ಇಲಾಖೆ. ಪರವಾನಗಿಗೆ ಅವಧಿಯಿರುತ್ತದೆ, ನವೀಕರಿಸಬೇಕಾಗುತ್ತದೆ. ಆದ್ದರಿಂದ "ಲೈಸೆನ್ಸ್ ಇದೆ" ಎಂಬ ಮಾತಿಗೆ ತೃಪ್ತರಾಗದೆ ಅದರ ಪ್ರತಿಯನ್ನು ಕೇಳಿ, ಯಾರ ಹೆಸರಿನಲ್ಲಿದೆ, ಎಂದಿನವರೆಗೆ ಇದೆ ಎಂಬ ಎರಡನ್ನು ನೋಡಬೇಕು. ಕೇಳಲು ಸಂಕೋಚ ಪಡುವ ಅಗತ್ಯವಿಲ್ಲ. ದಿನವೂ ಬೆಸ್ಕಾಂ ಕಚೇರಿಗೆ ಓಡಾಡುವವರು ಅದನ್ನು ಫೋನಿನಲ್ಲಿಯೇ ಇಟ್ಟುಕೊಂಡಿರುತ್ತಾರೆ.

ಈ ದಾರಿಯನ್ನು ಆರಿಸಲೇಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಹೊಸ ಮನೆಯ ವೈರಿಂಗ್, ಹಳೆಯ ಮನೆಯ ಪೂರ್ತಿ ಮರುವೈರಿಂಗ್, ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ ಹೋಗುವುದು, ಮೀಟರ್ ಜಾಗ ಬದಲಿಸುವುದು, ಮಂಜೂರಾದ ಲೋಡ್ ಹೆಚ್ಚಿಸುವುದು, ಹೊಸ ಅರ್ಥಿಂಗ್ ಇವೆಲ್ಲ ಅವರ ಕೆಲಸ. ಕೆಲಸ ಮುಗಿದ ಮೇಲೆ ಸಹಿ ಹಾಕಿ ವರದಿ ಕೊಡುವ ಹೊಣೆಯಿರುವುದರಿಂದ, ಗೋಡೆಯೊಳಗೆ ಮುಚ್ಚಿಹೋದದ್ದಕ್ಕೂ ಒಬ್ಬರು ಉತ್ತರ ಕೊಡಬೇಕಾಗುತ್ತದೆ. ಅವರಿಗೆ ಕೊಡುವ ಹೆಚ್ಚಿನ ಹಣ ಈ ಹೊಣೆಯ ಬೆಲೆ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಕೊರತೆಯೂ ಇಲ್ಲದಿಲ್ಲ. ಸಣ್ಣ ಕೆಲಸಕ್ಕೆ ಅವರು ಬರುವುದಿಲ್ಲ, ಬಂದರೂ ವಾರಗಟ್ಟಲೆ ಕಾಯಿಸುತ್ತಾರೆ. ಇನ್ನೂ ಮುಖ್ಯವಾದ ತೊಂದರೆಯೆಂದರೆ, ಮಾತಾಡಲು ಬಂದವರು ಒಬ್ಬರು, ಗೋಡೆ ಕೊರೆದು ವೈರ್ ಎಳೆಯುವವರು ಮತ್ತೊಬ್ಬರು. ಕೆಲವು ಕಡೆ ಒಬ್ಬರ ಪರವಾನಗಿಯ ಮೇಲೆ ಯಾರೋ ಕೆಲಸ ಮಾಡಿ, ಕೊನೆಯಲ್ಲಿ ಸಹಿಯನ್ನಷ್ಟೇ ತಂದುಕೊಡುವ ರೂಢಿಯಿದೆ. ಅಂಥ ಸಹಿಗೆ ನಾವು ಕೊಡುವ ಹಣದಲ್ಲಿ ಹೊಣೆ ಬರುವುದಿಲ್ಲ, ಕಾಗದ ಮಾತ್ರ ಬರುತ್ತದೆ. ಹಾಗಾಗಿ ಪೈಪ್ ಹಾಕುವ ದಿನ, ವೈರ್ ಎಳೆಯುವ ದಿನ, ಡಿಬಿ ಕೂಡಿಸುವ ದಿನ ಹೀಗೆ ಮೂರು ಸಲವಾದರೂ ಪರವಾನಗಿದಾರರೋ ಅವರ ಮೇಲ್ವಿಚಾರಕರೋ ಸ್ವತಃ ಬರಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು.

ಕಂಪನಿಯ ಸರ್ವಿಸ್‌ನವರ ವಿಚಾರದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅವರು ಯಂತ್ರದ ಮಟ್ಟಿಗೆ ಸರಿ, ಗ್ಯಾರಂಟಿ ಉಳಿಯಬೇಕಾದರೆ ಬೇರೆಯವರು ಯಂತ್ರವನ್ನು ಬಿಚ್ಚಲೂಬಾರದು. ಆದರೆ ಅವರ ಹೊಣೆ ಪ್ಲಗ್ಗಿನವರೆಗೆ ಮಾತ್ರ. ಎ.ಸಿ. ಕೂಡಿಸಲು ಬಂದವರು ಇರುವ ಪ್ಲಗ್ಗಿಗೇ ಚುಚ್ಚಿ, ತಂಪು ಬಂತೆಂದು ತೋರಿಸಿ ಹೊರಟುಹೋಗುತ್ತಾರೆ. ಆ ಪ್ಲಗ್ಗಿಗೆ ಬಂದ ವೈರ್ ಎಷ್ಟು ದಪ್ಪವಿದೆ ಎಂಬುದನ್ನು ನೋಡುವವರು ಕಡಿಮೆ. ಇನ್ನು ಕಂಬದಿಂದ ಮೀಟರಿನವರೆಗಿನದು ಬೆಸ್ಕಾಂನವರ ಕೆಲಸ. ಮೀಟರಿಗೇ ಕರೆಂಟ್ ಬಾರದಿದ್ದರೆ, ಮನೆಯ ದೀಪಗಳು ಒಮ್ಮೆಲೇ ವಿಪರೀತ ಉರಿದು ಮತ್ತೆ ಮಂಕಾಗುತ್ತಿದ್ದರೆ ಯಾವ ಎಲೆಕ್ಟ್ರಿಷಿಯನ್ನನ್ನೂ ಕಂಬ ಹತ್ತಿಸದೆ 1912ಕ್ಕೆ ಫೋನ್ ಮಾಡಬೇಕು. ಎರಡನೆಯದು ನ್ಯೂಟ್ರಲ್ ಕಡಿದಿರುವ ಲಕ್ಷಣವಾಗಿರಬಹುದು; ಬೆಸ್ಕಾಂನವರು ಬರುವವರೆಗೆ ಮೇನ್ ಆಫ್ ಮಾಡಿ ಕೂರುವುದು ಕ್ಷೇಮ.

ಮಣ್ಣಿನ ಮಾತು

ಅರ್ಥಿಂಗ್ ಮಾಡಿಸುವಾಗ ದಾವಣಗೆರೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸ ತಿಳಿದವರನ್ನೇ ಹುಡುಕಬೇಕು. ನಮ್ಮ ಕಡೆಯ ಎರೆಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ, ಕರೆಂಟನ್ನು ಸುಲಭವಾಗಿ ಒಯ್ಯುತ್ತದೆ. ಆದರೆ ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ; ಪೈಪಿಗೂ ಮಣ್ಣಿಗೂ ನಡುವೆ ಕೈ ಬೆರಳು ತೂರುವಷ್ಟು ಸಂದಿಯಾದರೆ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಚಿತ್ರದುರ್ಗದ ಕಡೆ ಸಮಸ್ಯೆ ಬೇರೆ. ಬಂಡೆ, ಗರಸು ನೆಲ, ಚಳ್ಳಕೆರೆ ಹಿರಿಯೂರಿನ ಕಡೆ ಮಳೆಯೂ ಕಡಿಮೆ. ಮೂರಡಿ ಅಗೆಯುವಷ್ಟರಲ್ಲಿ ಕಲ್ಲು ಸಿಕ್ಕಿ, ಪೈಪನ್ನು ತುಂಡುಮಾಡಿ ಹೂತು ಮುಚ್ಚಿದರೆ ಮೇಲಿನಿಂದ ಯಾರಿಗೂ ತಿಳಿಯುವುದಿಲ್ಲ. ಪೈಪ್ ಎಲೆಕ್ಟ್ರೋಡ್ ಸುಮಾರು 2.5 ಮೀಟರ್ ಆಳಕ್ಕೆ ಇಳಿಯಬೇಕು, ಒಂದೇ ಜಾಗದಲ್ಲಿ ಆಗದಿದ್ದರೆ ದೂರ ಬಿಟ್ಟು ಇನ್ನೊಂದನ್ನು ಹಾಕಿ ಎರಡನ್ನೂ ಜೋಡಿಸಬೇಕು. ಗುಂಡಿ ಮುಚ್ಚುವ ದಿನ ನಾವು ಮನೆಯಲ್ಲಿಯೇ ಇರಬೇಕು ಎಂಬುದಕ್ಕೆ ಇದೇ ಕಾರಣ.

ಇದರ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಅರ್ಥಿಂಗಿನ ರೋಧ 20 ಓಮ್ ಇದೆಯೆಂದು ಇಟ್ಟುಕೊಳ್ಳಿ. ಗೀಸರಿನ ಮೈಗೆ ಫೇಸ್ ತಾಗಿದರೆ 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚೆಂದರೆ 11.5 ಆಂಪಿಯರ್ ಭೂಮಿಗೆ ಹರಿಯುತ್ತದೆ. ಗೀಸರಿಗೆ ಹಾಕಿರುವ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಅದನ್ನು ಮಾಮೂಲಿ ಲೋಡ್ ಎಂದೇ ತಿಳಿದು ಸುಮ್ಮನಿರುತ್ತದೆ. ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಎಂಸಿಬಿ ಇರುವುದು ವೈರ್ ಸುಡದಿರಲಿ ಎಂದು, ಮನುಷ್ಯನನ್ನು ಉಳಿಸಲು ಅಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು ವ್ಯತ್ಯಾಸ ಬಂದರೂ ಅದು ಕಣ್ಣುಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. 100 ಅಥವಾ 300 ಮಿಲಿಆಂಪಿಯರಿನವೂ ಅಂಗಡಿಯಲ್ಲಿ ಸಿಗುತ್ತವೆ; ಅವು ಮನುಷ್ಯರ ರಕ್ಷಣೆಗೆ ಸಾಲುವುದಿಲ್ಲ.

ಈ ಆರ್‌ಸಿಸಿಬಿಯೇ ಎಲೆಕ್ಟ್ರಿಷಿಯನ್‌ಗಳನ್ನು ಹೋಲಿಸಿ ನೋಡಲು ನನಗೆ ಸಿಕ್ಕ ಒಳ್ಳೆಯ ಒರೆಗಲ್ಲು. ಹಳೆಯ ಮನೆಗೆ ಹೊಸದಾಗಿ ಇದನ್ನು ಹಾಕಿದರೆ ಹತ್ತರಲ್ಲಿ ಅರ್ಧ ಮನೆಗಳಲ್ಲಾದರೂ ಮೊದಲ ದಿನವೇ ಟ್ರಿಪ್ ಆಗತೊಡಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಎಲ್ಲೋ ನ್ಯೂಟ್ರಲ್ಲಿಗೆ ಅರ್ಥ್ ಸೇರಿರುತ್ತದೆ, ಒಂದು ಕೋಣೆಯ ನ್ಯೂಟ್ರಲ್ಲನ್ನು ಇನ್ನೊಂದು ಕೋಣೆಯಿಂದ ಎರವಲು ತಂದಿರುತ್ತಾರೆ, ಇನ್ವರ್ಟರಿನ ನ್ಯೂಟ್ರಲ್ ಮೇನಿನ ನ್ಯೂಟ್ರಲ್ ಜೊತೆ ಬೆರೆತಿರುತ್ತದೆ. ಆಗ ಬಂದವನು ಏನು ಮಾಡುತ್ತಾನೆ ನೋಡಿ. "ಇದು ನಿಮ್ಮ ಮನೆಗೆ ಸರಿಹೋಗಲ್ಲ" ಎಂದು ಆರ್‌ಸಿಸಿಬಿಯನ್ನು ಬಿಟ್ಟು ವೈರನ್ನು ನೇರ ಕೊಟ್ಟರೆ, ಅವನನ್ನು ಫ್ಯಾನಿನ ಕೆಲಸಕ್ಕೆ ಮಾತ್ರ ಕರೆಯಬೇಕು. ಎಲ್ಲ ಎಂಸಿಬಿಗಳನ್ನು ಇಳಿಸಿ, ಒಂದೊಂದು ಸರ್ಕ್ಯೂಟಿನ ಫೇಸ್ ನ್ಯೂಟ್ರಲ್ ಎರಡನ್ನೂ ಬಿಚ್ಚಿ, ವೈರಿನಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿ, ಒಂದು ಮೆಗಾಓಮಿಗಿಂತ ಕೆಳಗೆ ಯಾವುದು ತೋರಿಸುತ್ತದೆ ಎಂದು ತಾಳ್ಮೆಯಿಂದ ಹುಡುಕಿದರೆ, ಅವನಿಗೆ ಇಡೀ ಮನೆಯನ್ನೇ ಒಪ್ಪಿಸಬಹುದು. ನಮ್ಮ ಮನೆಯಲ್ಲಿ ಆ ಹುಡುಕಾಟಕ್ಕೆ ಅರ್ಧ ದಿನ ಹಿಡಿಯಿತು.

ಇದರ ಜೊತೆಗೇ ಬರುವ ಇನ್ನೊಂದು ಪರೀಕ್ಷೆಯೆಂದರೆ ಎಂಸಿಬಿ ಪದೇ ಪದೇ ಬೀಳುವ ದೂರು. 16ರ ಬದಲು 32 ಹಾಕಿಬಿಟ್ಟರೆ ಬೀಳುವುದು ನಿಲ್ಲುತ್ತದೆ. ಆದರೆ ಗೋಡೆಯೊಳಗಿರುವುದು ಅದೇ 2.5 ಚದರ ಮಿಲಿಮೀಟರಿನ ವೈರ್. ಇನ್ನು ಮುಂದೆ ಲೋಡ್ ಹೆಚ್ಚಾದರೆ ಎಂಸಿಬಿ ಬೀಳುವ ಮೊದಲು ವೈರ್ ಬಿಸಿಯಾಗುತ್ತದೆ. ದೀಪ ಫ್ಯಾನುಗಳಿಗೆ 1.5, ಪವರ್ ಪ್ಲಗ್ಗಿಗೆ 2.5, ಎ.ಸಿ. ಮತ್ತು ದೊಡ್ಡ ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಂಬುದು ಮನೆಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಎಂಸಿಬಿಯನ್ನು ದೊಡ್ಡದು ಮಾಡುವ ಮೊದಲು ವೈರಿನ ದಪ್ಪ ಕೇಳದವನಿಗೆ ನಾನು ಡಿಬಿ ಮುಟ್ಟಲು ಬಿಡುವುದಿಲ್ಲ.

ದುಡ್ಡಿನ ಲೆಕ್ಕ

ನಮ್ಮಲ್ಲಿ ಕೂಲಿ ಮಾತಾಡುವುದಕ್ಕೆ ದಿನಗೂಲಿ, ಪಾಯಿಂಟ್ ಲೆಕ್ಕ, ಚದರಡಿ ಲೆಕ್ಕ, ಸಾಮಾನು ಸೇರಿಸಿ ಪೂರ್ತಿ ಗುತ್ತಿಗೆ ಎಂಬ ರೂಢಿಗಳಿವೆ. ದೋಷ ಹುಡುಕುವ ಕೆಲಸಕ್ಕೆ ದಿನಗೂಲಿಯೇ ಸರಿ. ಪಾಯಿಂಟ್ ಲೆಕ್ಕದಲ್ಲಿ ಕರೆದರೆ ಹುಡುಕಾಟಕ್ಕೆ ಬೆಲೆಯೇ ಇರುವುದಿಲ್ಲ, ಹಾಗಾಗಿ ಅವನು ಬೇಗ ಮುಗಿಸುವ ದಾರಿ ಹಿಡಿಯುತ್ತಾನೆ. ನಮ್ಮ ಗೀಸರಿನ ಹಸಿರು ವೈರ್ ಬಿಚ್ಚಿಹೋದದ್ದರಲ್ಲಿ ನನ್ನ ಪಾಲೂ ಇತ್ತು. ಹತ್ತು ನಿಮಿಷದ ಕೂಲಿಗೆ ಎರಡು ಗಂಟೆಯ ಕೆಲಸ ಬಯಸಿದ್ದೆ. ಹೊಸದಾಗಿ ನಾಲ್ಕೈದು ಪಾಯಿಂಟ್ ಹಾಕಿಸುವುದಿದ್ದರೆ ಪಾಯಿಂಟ್ ಲೆಕ್ಕ ನ್ಯಾಯವಾದದ್ದು, ಆದರೆ ಪಾಯಿಂಟ್ ಎಂದರೆ ಯಾವುದು ಎಂಬುದನ್ನು ಮೊದಲೇ ಬಿಡಿಸಿಕೊಳ್ಳಬೇಕು. ಒಂದು ಬೋರ್ಡಿನಲ್ಲಿ ಪ್ಲಗ್ಗೂ ಅದರ ಸ್ವಿಚ್ಚೂ ಸೇರಿ ಒಂದೋ, ಎರಡೋ? ಗೋಡೆ ಕೊರೆದ ಮೇಲೆ ಮುಚ್ಚುವ ಗಾರೆ ಕೆಲಸ ಯಾರದು? ಜಗಳ ಬರುವುದು ಹೆಚ್ಚಾಗಿ ಈ ಎರಡರಲ್ಲೇ.

ಸಾಮಾನು ಸೇರಿಸಿದ ಗುತ್ತಿಗೆ ಓಡಾಟ ತಪ್ಪಿಸುತ್ತದೆ, ಕೆಲಸಕ್ಕೆ ಹೋಗುವ ಗಂಡ ಹೆಂಡತಿಗೆ ಅದರ ಅನುಕೂಲ ದೊಡ್ಡದು. ಆದರೂ ಗೋಡೆಯೊಳಗೆ ಹೋಗುವ ವೈರ್, ಪೈಪ್ ಮತ್ತು ಡಿಬಿಯೊಳಗಿನ ಎಂಸಿಬಿ, ಆರ್‌ಸಿಸಿಬಿಗಳನ್ನು ನಾವೇ ಕೊಂಡು, ಉಳಿದ ಸಣ್ಣಪುಟ್ಟ ಸಾಮಾನನ್ನು ಅವರಿಗೆ ಬಿಡುವುದು ನನ್ನ ಸಲಹೆ. ಸ್ವಿಚ್ಚಿನ ಅಂದಕ್ಕೆ ಸಾವಿರಾರು ರೂಪಾಯಿ ಹಾಕಿ ಒಳಗಿನ ವೈರಿನಲ್ಲಿ ಉಳಿತಾಯ ಮಾಡಿದ ಮನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸ್ವಿಚ್ಚನ್ನು ಹತ್ತು ವರ್ಷದ ಮೇಲೆ ಬದಲಿಸಬಹುದು. ವೈರಿಗೆ ಗೋಡೆಯನ್ನೇ ಒಡೆಯಬೇಕಾಗಬಹುದು.

ಲೋಡ್ ಹೆಚ್ಚಿಸುವ ವಿಚಾರದಲ್ಲಿ ಬಹಳ ಜನ ತಡಮಾಡುತ್ತಾರೆ. 1 ಅಥವಾ 2 ಕಿಲೋವ್ಯಾಟ್ ಮಂಜೂರಾಗಿರುವ ಹಳೆಯ ಮನೆಗೆ 2 ಕಿಲೋವ್ಯಾಟಿನ ಗೀಸರ್, ಅಷ್ಟೇ ಸಾಮರ್ಥ್ಯದ ಇಂಡಕ್ಷನ್ ಒಲೆ, ಒಂದೂವರೆ ಟನ್ನಿನ ಎ.ಸಿ. ಬಂದರೆ ಮೂರೂ ಒಟ್ಟಿಗೆ ನಡೆದಾಗ ಸುಮಾರು 24 ಆಂಪಿಯರ್ ಎಳೆಯುತ್ತವೆ. ಮೀಟರಿನಿಂದ ಡಿಬಿಗೆ ಬರುವ ಹಳೆಯ ವೈರ್ ಅದನ್ನು ತಾಳುತ್ತದೆಯೇ ಎಂದು ಮೊದಲು ನೋಡಿಸಿ, ಆಮೇಲೆ ಗುತ್ತಿಗೆದಾರರ ಮೂಲಕ ಬೆಸ್ಕಾಂಗೆ ಅರ್ಜಿ ಹಾಕುವುದು ಸರಿಯಾದ ಕ್ರಮ. ಹೆಚ್ಚಿನ ಲೋಡಿಗೆ ನಿಗದಿತ ಶುಲ್ಕ ಹೆಚ್ಚುತ್ತದೆ ಎಂದು ಅರ್ಜಿ ಹಾಕದೆ ಉಳಿಯುವವರಿಗೆ ನಾನು ಹೇಳುವುದಿಷ್ಟೇ: ಲೆಕ್ಕಕ್ಕೆ ಬಾರದ ಲೋಡಿನಿಂದ ಓಣಿಯ ಟ್ರಾನ್ಸ್‌ಫಾರ್ಮರ್ ಬೇಸಿಗೆಯಲ್ಲಿ ಸುಟ್ಟರೆ ಕತ್ತಲಲ್ಲಿ ಕೂರುವವರು ನಾವೇ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿ ದಾಟುವ ಅಂಜಿಕೆ ಇರುವವರು ಎಲೆಕ್ಟ್ರಿಷಿಯನ್ನನ್ನು ಲೋಡ್ ಮುಚ್ಚಿಡುವ ಉಪಾಯ ಕೇಳುವ ಬದಲು, 75 ವ್ಯಾಟಿನ ಹಳೆಯ ಫ್ಯಾನುಗಳನ್ನು ತೆಗೆದು 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸುವುದು ಮೇಲು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮೂರು ಫ್ಯಾನುಗಳಲ್ಲಿ ತಿಂಗಳಿಗೆ 48 ಯೂನಿಟ್‌ನಷ್ಟು ಉಳಿಯುತ್ತದೆ.

ಕೆಲಸ ಒಪ್ಪಿಸುವ ಮೊದಲು ಎರಡು ಮೂರು ಜನರನ್ನು ಕರೆಸಿ ಮಾತಾಡಿಸುವುದು ಒಳ್ಳೆಯದು. ಮೆಗ್ಗರ್ ಇದೆಯೇ, ಆರ್‌ಸಿಸಿಬಿ ಎಷ್ಟು ಮಿಲಿಆಂಪಿಯರಿನದು ಹಾಕುತ್ತೀರಿ, ಜಂಕ್ಷನ್ ಇಲ್ಲದ ಕಡೆ ಪೈಪಿನೊಳಗೆ ವೈರಿಗೆ ಗಂಟು ಹಾಕುತ್ತೀರಾ ಎಂಬ ಮೂರು ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿಯೇ ಬಹಳಷ್ಟು ತಿಳಿಯುತ್ತದೆ. ಪೈಪಿನೊಳಗೆ ಗಂಟು ಇರಲೇಬಾರದು. ಇತ್ತೀಚೆಗೆ ಅವರು ಕೆಲಸ ಮಾಡಿದ ಒಂದು ಮನೆಯ ವಿಳಾಸ ಕೇಳಿ, ಸಾಧ್ಯವಾದರೆ ಹೋಗಿ ಡಿಬಿಯ ಮುಚ್ಚಳ ತೆರೆಸಿ ನೋಡಿ. ಪ್ರತಿಯೊಂದು ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದೆಂದು ಬರೆದಿದ್ದರೆ, ಹಸಿರು ವೈರುಗಳೆಲ್ಲ ಒಂದೇ ಪಟ್ಟಿಗೆ ಸಾಲಾಗಿ ಬಿಗಿದಿದ್ದರೆ, ಗೋಡೆಯೊಳಗೂ ಅದೇ ಕೈ ಕೆಲಸ ಮಾಡಿದೆ ಎಂದು ನಂಬಬಹುದು.

ಹಣದ ಕೊನೆಯ ಕಂತನ್ನು ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಮುಗಿದ ಕೂಡಲೇ ಎಳೆದಾಡದೆ ಕೊಟ್ಟುಬಿಡಬೇಕು. ಪರೀಕ್ಷೆಯೆಂದರೆ ದೀಪ ಹಾಕಿ ಆರಿಸುವುದಲ್ಲ. ಪ್ರತಿ ಪ್ಲಗ್ಗಿನಲ್ಲಿಯೂ ಫೇಸ್ ಮತ್ತು ಅರ್ಥಿನ ನಡುವಿನ ವೋಲ್ಟೇಜ್ ನೋಡಿಸಿ. ಸ್ವಿಚ್ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಉಳಿದಿದೆಯೇ ಎಂದು ಟೆಸ್ಟರ್ ಹಚ್ಚಿಸಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಕೊಟ್ಟಿರುವುದುಂಟು, ಬಲ್ಬ್ ಬದಲಿಸುವವರಿಗೆ ಶಾಕ್ ಹೊಡೆಯುವುದು ಅದರಿಂದಲೇ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ಅವರ ಎದುರೇ ಒತ್ತಿ, ಆಮೇಲೆ ತಿಂಗಳಿಗೊಮ್ಮೆ ನೀವೇ ಒತ್ತುತ್ತಿರಿ. ಮತ್ತು ಗೋಡೆ ಕೊರೆದು ಪೈಪ್ ಕೂಡಿಸಿದ ದಿನ, ಗಾರೆಯವರು ಬರುವ ಮೊದಲು, ಬಾಗಿಲ ಚೌಕಟ್ಟಿನಿಂದಲೂ ನೆಲದಿಂದಲೂ ಅಳತೆಯ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯ ಅಂಥ ಹದಿನೆಂಟು ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅರ್ಥಿಂಗ್ ಗುಂಡಿ ಅಂಗಳದ ಯಾವ ಟೈಲಿನ ಕೆಳಗಿದೆ ಎಂಬುದನ್ನು ಹಿಂಬದಿಯಲ್ಲಿ ಬರೆದು, ಮನೆಯ ಪತ್ರಗಳ ಜೊತೆಗೇ ಇಟ್ಟಿದ್ದೇನೆ.